ಗೂಡಿನ ಮಾರ್ಕೆಟ್ಟಿಗೆ ದನಿ ಕಟ್ಟಿದ್ದು

ಮೊಣಕೈಗೆ ಸುತ್ತಬೇಡ, ಅಂದ ಇಮ್ತಿಯಾಜಣ್ಣ ಮೊದಲ ದಿನವೇ,
ಕೇಬಲ್ಲಿಗೂ ಒಂದು ಸ್ವಭಾವ ಇರ್ತದೆ.
ಒಂದು ಸುತ್ತು ಮೇಲಿಂದ, ಮುಂದಿನದು ಕೆಳಗಿಂದ;
ಎಸೆದರೆ ಗಂಟಿಲ್ಲದೆ ಬಿಚ್ಚಿಕೊಳ್ಳಬೇಕು
ಈ ಮೂಲೆಯಿಂದ ಆ ಮೂಲೆಗೆ.
ನನಗದು ಹೊಸದಲ್ಲ.
ಗೂಡು ಕಟ್ಟುವ ಹುಳು ತಲೆಯಾಡಿಸುವುದೂ ಹಾಗೆಯೇ,
ಇತ್ತ ಒಮ್ಮೆ, ಅತ್ತ ಒಮ್ಮೆ,
ಚಂದ್ರಿಕೆಯ ಮುಂದೆ ಕೂರಿಸಿ ಅವ್ವ ತೋರಿಸಿದ್ದಳು.

ಶಿಡ್ಲಘಟ್ಟ. ಸಂಜೆ ಬೀಗ ತೆಗೆಸಿ ಒಳಗೆ ಹೋದರೆ
ಖಾಲಿ ಜಾಲರಿಗಳ ಸಾಲು, ಮೇಲೆ ತಗಡು,
ಹುಳುವಿನ ವಾಸನೆಯೊಂದು ಮನೆಗೆ ಹೋಗಿರಲಿಲ್ಲ.
ಆತ ನಟ್ಟನಡುವೆ ನಿಂತು ಚಪ್ಪಾಳೆ ಹೊಡೆದ.
ಒಂದು ಹೋಗಿ ನಾಲ್ಕಾಗಿ ಬಂತು.
'ಬಾಕ್ಸನ್ನ ತಗಡಿನ ಕಡೆ ತಿರುಗಿಸಿದೆಯೋ,
ಏಳನೇ ಲಾಟು ಎಪ್ಪತ್ತೇಳಾಗ್ತದೆ,
ರೈತನೂ ರೀಲರ್ರೂ ಕಾಲರ್ ಹಿಡೀತಾರೆ.
ಬಾಯಿ ಕೆಳಕ್ಕಿರಲಿ. ಜನರ ಕಿವಿಗೆ.'

ಏಣಿ ನನ್ನದು, ಮಾತು ಅವನದು.
ಕರೆಂಟು ಆ ಗೋಡೆ, ದನಿ ಈ ಗೋಡೆ,
ಎರಡೂ ಜೊತೆಜೊತೆಗೆ ಓಡಬಾರದು;
ದಾಟಲೇಬೇಕಾದರೆ ನೆಟ್ಟಗೆ ಅಡ್ಡ ದಾಟು, ಹೈವೇ ದಾಟಿದ ಹಾಗೆ.
ಎರಡು ತುದಿಗೂ ಒಂದೇ ನಂಬರು ಬರಿ,
ಮುಂದೆ ರಿಪೇರಿಗೆ ಬಂದವನು
ನಮ್ಮ ತಾಯಂದಿರನ್ನ ನೆನೆಸಿಕೊಳ್ಳಬಾರದು.
ಟೈ ಬಿಗಿಯಬೇಡ, ಒಳಗೆ ಬೆರಳು ಆಡಲಿ.
ಬಾಕ್ಸಿನ ಹಿಂದೆ ಒಂದು ಮೊಳ ತಂತಿ ಸುಮ್ಮನೆ ಬಿಡು.
ಯಾಕಣ್ಣ?
'ನಾಳೆಗೆ.'

ಹತ್ತು ಗಂಟೆಗೆ ಸ್ವಿಚ್ ಹಾಕಿದರೆ
ದನಿಗಿಂತ ಮೊದಲು ಗುಂಯ್.
ಮಿಕ್ಸರು ಆಫೀಸಿನ ಪ್ಲಗ್ಗಿನಲ್ಲಿ, ಆಂಪ್ಲಿಫೈಯರು ಶೆಡ್ಡಿನದರಲ್ಲಿ,
ಇದಕ್ಕೊಂದು ಅರ್ಥು, ಅದಕ್ಕೊಂದು ಅರ್ಥು.
ಪಿನ್ನು ಮುರಿದುಬಿಡೋಣವೇ ಅಂದೆ.
'ಹಾಗೆ ಮುರಿದವನೊಬ್ಬನನ್ನ ಬಲ್ಲೆ.
ಮೈಕು ಹಿಡಿದ ಕೈ ಆಮೇಲೆ ಬಿಡಲೇ ಇಲ್ಲ.'
ಸ್ವಲ್ಪ ಹೊತ್ತು ಬೀಡಿ ಹಚ್ಚದೆ ಕಚ್ಚಿಕೊಂಡೇ ಇದ್ದ.
'ಎರಡು ಕಡೆ ಮಣ್ಣು ಹಿಡಿದ ತಂತಿ ಹಿಂಗೇ ನರಳ್ತದೆ.'

ಮನೆಯಲ್ಲಿ ತೆಲುಗು, ಇಸ್ಕೂಲಿನಲ್ಲಿ ಕನ್ನಡ,
ಏಣಿಯ ಮೇಲೆ ಇವನ ಉರ್ದು ಬೈಗಳು.
ನನ್ನೊಳಗೆ ಒಂದು ದಿನವೂ ಗುಂಯ್ ಅಂದದ್ದಿಲ್ಲ.
ತಂತಿಯ ಮಾತು ತಂತಿಗೇ ಇರಲಿ ಅಂತ ಸುಮ್ಮನಾದೆ.

ಎರಡನ್ನೂ ಒಂದೇ ಬೋರ್ಡಿಗೆ ತಂದೆವು.
ಹಲ್ಲಿ ಲೊಚಗುಟ್ಟಿದ್ದು ಕೇಳಿತು.

ಆಮೇಲೆ ನಡಿಗೆ. ಜಾಲರಿ ಜಾಲರಿಗೂ ನಿಂತು
ಕೇಳ್ತಿದೆ ಅಂತ ನಾನು ಕೈ ಎತ್ತುವುದು,
ಅವನು ಗುಂಡಿ ಕೂದಲೆಳೆಯಷ್ಟು ತಿರುಗಿಸುವುದು,
ಕೊನೆಗೆ ಹೆಂಡತಿಯ ನೈಲ್ ಪಾಲಿಶ್ ತೆಗೆದು
ಗುಂಡಿಯ ಪಕ್ಕ ಕೆಂಪು ಚುಕ್ಕೆ ಇಟ್ಟ.
ಮೂಟೆಯ ಮೇಲೆ ಮಲಗುವಾಗ ಎರಡೂವರೆ.

ಬೆಳಿಗ್ಗೆ ಗೂಡು ಬಂತು.
ಬಿಳಿ, ಹಳದಿ, ಜಾಲರಿ ತುಂಬಿ ತುಳುಕುವಷ್ಟು,
ಜನ, ಬುಟ್ಟಿ, ಶಾಲು, ಇನ್ನೂ ಗೂಡು.
ಗುಮಾಸ್ತ ಮೈಕಿನಲ್ಲಿ ಬಾಯಿ ಬಿಟ್ಟ,
ದನಿ ಅರ್ಧ ದಾರಿಗೇ ಸೊರಗಿತು.
ಕೆಂಪು ಚುಕ್ಕೆ ಕೆಂಪಗೇ ಇತ್ತು, ನನ್ನ ಮುಖದ ಹಾಗೆ.
ಇಮ್ತಿಯಾಜಣ್ಣ ತೊಡೆ ತಟ್ಟಿಕೊಂಡು ನಕ್ಕ:
'ಕುಡಿದುಬಿಡ್ತು ಕಣೋ ಗೂಡು!
ರಾತ್ರಿ ನಾವು ಅಳೆದದ್ದು ಖಾಲಿ ಮಡಕೆಯ ಸದ್ದು.'

ಕೊನೆಯ ಸಾಲಿನಲ್ಲಿ ಬಚ್ಚಮ್ಮ,
ದಿಬ್ಬೂರಳ್ಳಿ ಕಡೆಯವಳು, ಕೈಯನ್ನ ಕಿವಿಗೆ ಒಡ್ಡಿ
ಪಕ್ಕದವನ ತುಟಿ ನೋಡುತ್ತಿದ್ದಳು.
ಏಣಿ ತಂದೆ. ಬಾಕ್ಸನ್ನು ಎರಡು ಗೇಣು ಕೆಳಗಿಳಿಸಿ
ಅವಳತ್ತ ತುಸು ವಾಲಿಸಿದೆ.
ಸುಮ್ಮನೆ ಬಿಟ್ಟ ಮೊಳ ತಂತಿ
ಸುಮ್ಮನೆ ಜೊತೆಗೆ ಬಂತು.

ನೂರಾ ಹನ್ನೊಂದು, ಅಂತು ದನಿ.
ಅವಳು ಥಟ್ಟನೆ ಹಿಂದಕ್ಕೆ ತಿರುಗಿದಳು,
ಯಾರಪ್ಪಾ ಅಷ್ಟು ಹತ್ತಿರ ನಿಂತು ಕರೆದದ್ದು ಅಂತ.