ಬಾಡಿಗೆ

ಸಾತುರ್ನಿನಾ ಇವತ್ತೂ
ಹಸಿ ತೊತೋರಾ ಜೊಂಡು ಹಾಸುತ್ತಾಳೆ, ಅಡ್ಡಡ್ಡ, ಉದ್ದುದ್ದ.
ಹೋದ ತಿಂಗಳ ಹಾಸು ಅಡಿಯಲ್ಲಿ ಕೊಳೆಯುತ್ತಿದೆ.
ಕೊಳೆಯಲಿ.
ಟಿಟಿಕಾಕಾ ಸರೋವರದ ಮೇಲೆ
ಕೊಳೆತರೇನೇ ಮನೆ.

ಪುನೋದಿಂದ ಬಂದ ಹುಡುಗ
ಬೇರಿನ ಹೆಂಟೆ ಕೊಯ್ದು ಸೀಸೆಗೆ ತುಂಬಿದ:
ಇದರೊಳಗೆ ಕಣ್ಣಿಗೆ ಕಾಣದವರಿದ್ದಾರಜ್ಜಿ.
ಬೆಂಡುದಂಟಿನೊಳಗೆ ಜೊಂಡು ಉಸಿರಿಳಿಸುತ್ತದೆ,
ಅವರು ಬೇರಿಗೆ ಬಡಿಸುತ್ತಾರೆ.
ಸತ್ತ ಬೇರು ತಿಂದು ಬಿಟ್ಟ ಗಾಳಿಯೇ
ನಿಮ್ಮ ದ್ವೀಪವನ್ನು ಎತ್ತಿ ಹಿಡಿದಿರುವುದು.

ಜೊಂಡಿನ ಬಿಳಿ ಬುಡ ಅಗಿಯುತ್ತ
ಅವಳು ಕೇಳಿದಳು:
ಬಾಡಿಗೆ ಏನಾದರೂ ಕೇಳಿದರಾ?

ರಾತ್ರಿ ಚಾಪೆಯಡಿ
ಗುಳುಕ್.
ಎದ್ದು, ಹಾಸಿನ ಸಂದಿಗೆ
ಒಂದು ಸೌಟು ಕಿನೋವಾ ಗಂಜಿ ಸುರಿದಳು.

ತಳ ಹತ್ತಿತ್ತು, ಅಷ್ಟೆ,
ಎಂದಳು ಸೊಸೆಗೆ,
ಅವಳು ಕೇಳದಿದ್ದರೂ.