ಬಲೆಗೆ ಬಿದ್ದದ್ದು

ಕಾಡ್ ಮೀನಿನ ಜೊತೆ ಬಂತಂತೆ
ಜೇಡಿಮಣ್ಣಿನಂಥ ಹಳದಿ ಮುದ್ದೆ.
ಕೈಯಲ್ಲೇ ತೆಗೆದು ಬದಿಗಿಟ್ಟೆ, ಅಷ್ಟೇ, ಅಂದ ಟೋರ್ಕಿಲ್.
ಬೆಳ್ಳುಳ್ಳಿ ವಾಸನೆ. ಉರಿಯಿಲ್ಲ, ನೋವಿಲ್ಲ.
ಯಾರಪ್ಪಾ ಬೆಳ್ಳುಳ್ಳಿ ತಿಂದವರು ಅಂತ
ದೋಣಿಯಲ್ಲಿ ಮೂವರೂ ನಕ್ಕರಂತೆ.

ಆರು ತಾಸಿನ ಮೇಲೆ
ಚರ್ಮಕ್ಕೆ ಸುದ್ದಿ ಮುಟ್ಟಿತು.

ಬೋರ್ನ್‌ಹೋಮ್ ದ್ವೀಪದ ಆಸ್ಪತ್ರೆ, ರಾತ್ರಿಪಾಳಿ, ನಾನು.
ಸಾಸಿವೆಯ ಹೆಸರಿನ ವಿಷ,
ತಾಗಿದ್ದೂ ಸಾಸಿವೆಯಷ್ಟೇ ಇರಬೇಕು.
ಮುಂಗೈ ತುಂಬ ಬೊಬ್ಬೆ ಎದ್ದಿದೆ,
ಬಾಯಿ ಮಾತ್ರ ಬೊಬ್ಬೆ ಹಾಕುವುದಿಲ್ಲ;
ಮೀನುಗಾರರು ಹಾಗೇ.

ಅಂಗಿ ಕತ್ತರಿಸಿ, ಇಕ್ಕಳದಲ್ಲಿ ಎತ್ತಿ,
ಡಬ್ಬಿಗೆ ಹಾಕಿ ಮುಚ್ಚಳ ಬಿಗಿದೆ.
ಉಗುರುಬೆಚ್ಚನೆ ನೀರು, ಸೋಪು, ಮತ್ತೆ ನೀರು.
ಉಜ್ಜಕೂಡದು. ಹರಿಯಲಿ.
ಸಣ್ಣ ಗುಳ್ಳೆಗಳನ್ನು ಒಡೆಯುವಂತಿಲ್ಲ,
ಅವುಗಳಿಗೆ ಅವುಗಳದೇ ಸೂರು.
ಇಳಿಸುವ ಮದ್ದು ಯಾವುದೂ ಇಲ್ಲವೆಂದು
ಇನ್ನೂ ಹೇಳಿಲ್ಲ ಅವನಿಗೆ.

"ಯಾವ ಯುದ್ಧದ್ದು ಸಿಸ್ಟರ್ ಇದು?"
"ನಿನ್ನ ಅಜ್ಜನ ಕಾಲದ್ದು."
"ಅಜ್ಜ ಯುದ್ಧಕ್ಕೇ ಹೋದವನಲ್ಲ."
ಸ್ವಲ್ಪ ಹೊತ್ತು ಸುಮ್ಮನಿದ್ದ.
"ಎಂಟು ಪೆಟ್ಟಿಗೆ ಮೀನು ಹಿಡಿದಿದ್ದೆವು."
"ಎಲ್ಲ ಎಸೆದರಂತೆ, ಆ ಮುದ್ದೆಯನ್ನೂ."
"ಎಲ್ಲಿಗೆ?"

ನಾನು ಇನ್ನೊಂದು ಬ್ಯಾಂಡೇಜು
ನೀರಿಗೆ ಅದ್ದಿದೆ.