ಎಪ್ಪತ್ತು ಮನೆ

ಹತ್ತು ವಾರ ರಜೆ. ಬ್ರೆಡ್ಡಿನ ಪೊಟ್ಟಣ ಬಿಡಿಸಿ
ಹಿಂಬದಿಗೆ ಎಪ್ಪತ್ತು ಮನೆ ಗೀಚಿದೆ.
ಬೆಳಿಗ್ಗೆ ಬೀಜಗಣಿತ. ಜೂನಿನಲ್ಲಿ ಅಜ್ಜನ ದೋಣಿಗೆ ಟಾರು.
ಜುಲೈ ಕೊನೆಗೆ ಜೌಗಿನ ಹಣ್ಣು, ಬಕೆಟ್ಟಿಗಿಷ್ಟೆಂದು ಕೂಲಿ.

ಅಸ್ಲಾಕ್ ಸೊಳ್ಳೆ ಕಡಿದಲ್ಲಿ ಕೆರೆಯುತ್ತ ಕೇಳಿದ:
"ಒಂದು ಮನೆ ಮುಗಿದು ಇನ್ನೊಂದು ಶುರುವಾಗೋದು ಯಾವಾಗ?"
ಕಿಟಕಿಯಾಚೆ ಇನಾರಿ ಸರೋವರದ ಮೇಲೆ
ರಾತ್ರಿ ಹನ್ನೊಂದೂವರೆಯ ಬಿಸಿಲು.

ಉತ್ತರ ಹೊಳೆಯಲಿಲ್ಲ. ಪೆನ್ಸಿಲ್ ಅವನ ಕೈಗಿತ್ತೆ.

ಅರ್ಧ ಗೆರೆ ಅಳಿಸಿದ. ದೋಣಿ ಉಳಿಸಿದ, ಹಣ್ಣು ಉಳಿಸಿದ,
ಬೀಜಗಣಿತವನ್ನು, ಪಾಪ, 'ಮಳೆ ಬಂದರೆ' ಎಂಬಲ್ಲಿಗೆ ತಳ್ಳಿದ.
ಕೊನೆಯ ಮೂಲೆಯಲ್ಲಿ, ಚಿಕ್ಕ ಅಕ್ಷರದಲ್ಲಿ:
ಅಮ್ಮನಿಗೆ ಈಜು ಕಲಿಸುವುದು.

ನಲವತ್ತು ವರ್ಷ ಬಟ್ಟೆ ಕಾಯುತ್ತ
ದಡದಲ್ಲೇ ಕೂತವಳು ನಾನು.
"ನೀರು ಐಸು ಕಣೋ," ಅಂದೆ.

"ಆಗಸ್ಟ್‌ವರೆಗೆ ಟೈಮಿದೆ," ಅಂದ.